ಎದುರು ಬದಿ ಸಮ ಇದೆ, ಕರ್ಣ ಯಾಕೆ ಹೊಂದುತ್ತಿಲ್ಲ?

ಅಣ್ಣಾ, ನಿಮ್ಮ ಟೇಪು ಸರಿಯಾಗಿಯೇ ಇದೆ. 30 ಅಡಿ ಉದ್ದ, 20 ಅಡಿ ಅಗಲದ ಕೊಟ್ಟಿಗೆಗೆ ಗೂಟ ಹೊಡೆದೆ, ಎದುರುಬದುರು ಬದಿಗಳು ಇಂಚೂ ತಪ್ಪಿಲ್ಲ, ಆದರೆ ಮೂಲೆಯಿಂದ ಮೂಲೆಗೆ ಹಿಡಿದರೆ ಒಂದು ಕರ್ಣ 37 ಅಡಿ, ಇನ್ನೊಂದು 35 ಅಡಿ 1 ಇಂಚು ಅಂದಿರಿ. ಅಂದರೆ ಪಾಯ ಆಯತ ಆಗಿಲ್ಲ, ಒಂದು ಕಡೆಗೆ ವಾಲಿದೆ. ಸ್ಕೂಲಲ್ಲಿ ಓದಿದ ಸಮಾಂತರ ಚತುರ್ಭುಜ ಇದೇ.

ಅಳತೆ ಸರಿ ಅಂತ ಇಲ್ಲಿ ಕೂತೇ ಹೇಳಬಹುದು. ಎರಡು ಕರ್ಣಗಳ ವರ್ಗ ಕೂಡಿದರೆ, ಅಕ್ಕಪಕ್ಕದ ಎರಡು ಬದಿಗಳ ವರ್ಗದ ಮೊತ್ತದ ಎರಡರಷ್ಟು ಬರಲೇಬೇಕು. ನಿಮ್ಮದು 1369 ಮತ್ತು ಸುಮಾರು 1231, ಒಟ್ಟು 2600. ಬದಿಗಳು 900 ಮತ್ತು 400, ಅದರ ಎರಡರಷ್ಟೂ 2600. ಸರಿ ಹೋಯ್ತಲ್ವಾ? ಸಡಿಲವಾದ ಮಂಚದ ಚೌಕಟ್ಟನ್ನು ಓರೆಗೆ ತಳ್ಳಿದ ಹಾಗೆ, ಒಂದು ಕರ್ಣ ಉದ್ದವಾದರೆ ಇನ್ನೊಂದು ಗಿಡ್ಡವಾಗುತ್ತದೆ. ಈ ಮೊತ್ತ ಮಾತ್ರ ಬದಲಾಗುವುದಿಲ್ಲ.

ಗೂಟ ಎಷ್ಟು ಸರಿಸಬೇಕು? ಎರಡು ವರ್ಗಗಳ ವ್ಯತ್ಯಾಸ 138. ಅದನ್ನು ಉದ್ದದ ಬದಿಯ ನಾಲ್ಕರಷ್ಟು, ಅಂದರೆ 120ರಿಂದ ಭಾಗಿಸಿ. 1.15 ಅಡಿ, ಹತ್ತಿರ ಹತ್ತಿರ 1 ಅಡಿ 2 ಇಂಚು. ಒಂದು ಉದ್ದದ ಬದಿಯ ಎರಡು ಗೂಟ ಮುಟ್ಟಬೇಡಿ. ಎದುರಿನ ಎರಡನ್ನೂ ದಾರದ ಗುಂಟ ಇಷ್ಟು ಸರಿಸಿ, ಉದ್ದ ಬಂದ ಕರ್ಣ ಗಿಡ್ಡವಾಗುವ ಕಡೆಗೆ. ಆಮೇಲೆ 20 ಅಡಿ ಮತ್ತೆ ಹಿಡಿದರೆ ಗೂಟ ಅರ್ಧ ಇಂಚಿನೊಳಗೆ ಹೊರಗೆ ಹೋಗಬಹುದು, ಅಷ್ಟೇ. ಎರಡೂ ಕರ್ಣ 36 ಅಡಿ ಮುಕ್ಕಾಲು ಇಂಚಿಗೆ ನಿಲ್ಲಬೇಕು. ಹೀಗೇ ಬಿಟ್ಟರೆ ಜಾಗವೇನೂ ಜಾಸ್ತಿ ಕಡಿಮೆಯಾಗಲ್ಲ, ಒಂದು ಚದರಡಿ ಇರಬಹುದು. ಆದರೆ ಮೇಲೆ ಶೀಟು ಹಾಕುವಾಗ ಅಂಚು ಗರಗಸದ ಹಲ್ಲಿನಂತೆ ಬರುತ್ತದೆ, ಆಗ ಮೇಸ್ತ್ರಿ ಬೈಯುವುದು ನಿಮ್ಮನ್ನೇ.

ಕರ್ಣ ಸಮ ಬಂತು ಅಂತ ಸುಮ್ನೆ ಕಾಂಕ್ರೀಟ್ ಸುರಿಯಬೇಡಿ, ಬದಿಗಳನ್ನೂ ಇನ್ನೊಮ್ಮೆ ನೋಡಿ. ಒಂದು ಕಡೆ ಅಗಲ, ಎದುರು ಕಡೆ ಕಿರಿದಾದ ಆಕಾರಕ್ಕೂ ಕರ್ಣ ಸಮ ಬರಬಹುದು. ಇಳಿಜಾರು ಇದ್ದರೆ ಟೇಪನ್ನು ನೆಲಕ್ಕೆ ಒರಗಿಸದೆ ಮಟ್ಟವಾಗಿ ಹಿಡಿಯಿರಿ.

ಹೊಲಕ್ಕೆ ನಾಲ್ಕು ಬದಿ ಅಳೆದರೆ ಸಾಕಾ ಅಂತ ಕೇಳಿದವರಿಗೆ: ಸಾಲದು. 200 ಮತ್ತು 150 ಅಡಿ ಬದಿಯ ಹೊಲ ನೇರ ಇದ್ದರೆ 27 ಗುಂಟೆ ಚಿಲ್ಲರೆ. ಅದೇ ಹೊಲ ವಾಲಿ, ಗಿಡ್ಡ ಕರ್ಣ 200 ಅಡಿ ಬಂದರೆ 25 ಗುಂಟೆ ಚಿಲ್ಲರೆ. ಕೊಳ್ಳುವಾಗ ಈ 2 ಗುಂಟೆಗೂ ದುಡ್ಡು ಕೊಡಬೇಕಲ್ಲ. ಎರಡನೇ ಕರ್ಣಕ್ಕೆ ನಡುವೆ ಬೆಳೆಯೋ ಬಾವಿಯೋ ಅಡ್ಡ ಇದ್ದರೆ ಬಿಡಿ, ಎದುರು ಬದಿಗಳು ಸಮ ಇದ್ದರೆ ಮೇಲಿನ ಲೆಕ್ಕದಲ್ಲೇ ಸಿಗುತ್ತದೆ: ಬದಿಗಳ ವರ್ಗದ ಮೊತ್ತದ ಎರಡರಷ್ಟು 1,25,000, ಅದರಲ್ಲಿ ಗಿಡ್ಡ ಕರ್ಣದ ವರ್ಗ 40,000 ಕಳೆದು ವರ್ಗಮೂಲ ತೆಗೆಯಿರಿ, ಸುಮಾರು 291 ಅಡಿ 6 ಇಂಚು.