ಮನೆಯಲ್ಲಿ ಹಿಂಸೆ ಅನುಭವಿಸುವ ಮಕ್ಕಳು ಓದಿನಲ್ಲಿ ಹಿಂದೆ ಬೀಳುವುದು ಯಾಕೆ? ಕೌನ್ಸೆಲಿಂಗ್‌ನಿಂದ ಉಪಯೋಗ ಇದೆಯಾ?

ಬುದ್ಧಿ ಕಮ್ಮಿ ಅಂತ ಅಲ್ಲ. ಯಾವಾಗ ಏಟು ಬೀಳುತ್ತೋ ಅಂತ ಹೆದರಿರುವ ಮಗುವಿನ ಮೆದುಳು ದಿನವಿಡೀ ಕಾವಲು ಕಾಯುತ್ತಿರುತ್ತದೆ, ಹಾಗಾಗಿ ನಿದ್ದೆ, ನೆನಪು, ಗಮನ ಮೂರೂ ಕೆಡುತ್ತವೆ. ನಿನ್ನೆ ಸರಾಗವಾಗಿ ಹೇಳಿದ್ದ ಮಗ್ಗಿ ಇವತ್ತು ಬರುವುದಿಲ್ಲ. ಪಕ್ಕದಲ್ಲಿ ನಿಂತ ಟೀಚರ್ ಸುಮ್ನೆ ಕೈ ಎತ್ತಿದರೂ ತಲೆಗೆ ಕೈ ಅಡ್ಡ ಹಿಡಿಯುತ್ತದೆ. ನಾವು ಅದಕ್ಕೆ 'ದಡ್ಡ' ಅಂತ ಹೆಸರಿಡುತ್ತೇವೆ, ಅಲ್ವಾ? ಕೆಲವು ಮಕ್ಕಳು ಇದಕ್ಕೆ ಉಲ್ಟಾ. ಅಂಕ ಕಮ್ಮಿಯಾದರೆ ಏಟು ಅಂತ ಭಯಕ್ಕೇ ಫಸ್ಟ್ ಬರುತ್ತಾರೆ. ಬರೀ ಮಾರ್ಕ್ಸ್ ಕಾರ್ಡ್ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ.

ಕೌನ್ಸೆಲಿಂಗ್‌ನಿಂದ ಉಪಯೋಗ ಇದೆ, ಆದರೆ ಅದು ಬುದ್ಧಿವಾದ ಹೇಳುವುದಲ್ಲ. ಚಿಕ್ಕ ಮಕ್ಕಳಿಗೆ ಚಿತ್ರ ಬರೆಸಿ, ಬೊಂಬೆ ಆಟ ಆಡಿಸಿ ನಿಧಾನಕ್ಕೆ ಮಾತು ಹೊರಡಿಸುತ್ತಾರೆ, ವಾರಗಟ್ಟಲೆ ಹಿಡಿಯಬಹುದು. ಮನೆಯಲ್ಲಿ ಹಿಂಸೆ ನಿಲ್ಲದಿದ್ದರೆ ಮಾತ್ರ ಇದರಿಂದ ಜಾಸ್ತಿ ಪ್ರಯೋಜನವಿಲ್ಲ, ಅದಕ್ಕೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಹೆಸರು ಕೆಡುತ್ತದೆ ಅಂತ ಮುಚ್ಚಿಟ್ಟರೆ ಅದೂ ಅಪರಾಧವೇ. ಆದ್ದರಿಂದ 'ಯಾರಿಗೂ ಹೇಳಲ್ಲ ಪುಟ್ಟಾ' ಅಂತ ಮಗುವಿಗೆ ಮಾತು ಕೊಡಬೇಡಿ. ಹತ್ತಿರದಲ್ಲಿ ಕೌನ್ಸೆಲರ್ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.