ಸಂತೋಷ್ ಹೋಗಿ ಆನಂದ್ ಆದರೆ?

ಪ್ರಶ್ನೆ: ಸ್ಮರಣ ಸಂಚಿಕೆಯೊಂದರ ಲೇಖನಗಳನ್ನು ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದೇನೆ. ಒಂದರಲ್ಲಿ ‘ಸಂತೋಷ’ ಅನ್ನುವ ಪದ ಸಾಲು ಸಾಲಿಗೂ ಬಂದಿದೆ. ಅದನ್ನೆಲ್ಲ ‘ಆನಂದ’ ಅಥವಾ ‘ಖುಷಿ’ ಮಾಡೋಣ ಅಂದರೆ, ಅದೇ ಲೇಖನದಲ್ಲಿ ಸಂತೋಷ್ ಅನ್ನುವವರೂ ಇದ್ದಾರೆ. ಹೆಸರು ಮುಟ್ಟದೆ ಪದ ಬದಲಿಸುವುದು ಹೇಗೆ?

ಉತ್ತರ: ಮೊದಲಿಗೆ, ‘ಎಲ್ಲವನ್ನೂ ಬದಲಿಸು’ ಬಟನ್ ತಂಟೆಗೆ ಹೋಗಬೇಡಿ. 2008ರಲ್ಲಿ ಅಮೆರಿಕದ ಒಂದು ಸುದ್ದಿತಾಣ ‘ಗೇ’ ಅಂತ ಬಂದಲ್ಲೆಲ್ಲ ‘ಹೋಮೋಸೆಕ್ಷುಯಲ್’ ಅಂತ ತಾನಾಗಿ ಬದಲಾಗುವ ಹಾಗೆ ಮಾಡಿಟ್ಟಿತ್ತು. ಒಲಿಂಪಿಕ್ಸ್ ಆಯ್ಕೆಯ 100 ಮೀಟರ್ ಓಟದಲ್ಲಿ ಟೈಸನ್ ಗೇ ಗೆದ್ದರು. ತಾಣದಲ್ಲಿ ಟೈಸನ್ ಹೋಮೋಸೆಕ್ಷುಯಲ್ ಗೆದ್ದರು! ಇಂಗ್ಲಿಷಿನಲ್ಲಿ ಹೆಸರಿಗೆ ದೊಡ್ಡಕ್ಷರ ಇದ್ದೂ ಈ ಪಾಡು. ನಮ್ಮ ಲಿಪಿಯಲ್ಲಿ ಆ ಗುರುತೂ ಇಲ್ಲ.

ಆ ತಪ್ಪಾದರೂ ಕಣ್ಣಿಗೆ ಹೊಡೆಯುತ್ತಿತ್ತು. ನಿಮ್ಮದು ಸದ್ದಿಲ್ಲದೆ ಆಗುವಂಥದ್ದು. ಕಂಪ್ಯೂಟರಿನ ಲೆಕ್ಕದಲ್ಲಿ ‘ಸಂತೋಷ್’ ಅಂದರೆ ‘ಸಂತೋಷ’ದ ಮುಂದೆ ಅರ್ಧಾಕ್ಷರದ ಒಂದು ಗುರುತು, ಅಷ್ಟೇ. ಗುರುತನ್ನು ಹಾಗೇ ಬಿಟ್ಟು ಉಳಿದದ್ದನ್ನು ಬದಲಿಸಿತೋ, ‘ಆನಂದ್’ ಸಿದ್ಧ. ಎಷ್ಟು ಚೊಕ್ಕ ಹೆಸರು ನೋಡಿ! ಕರಡು ತಿದ್ದುವವರಿಗೂ ಅನುಮಾನ ಬರುವುದಿಲ್ಲ. ಅದಕ್ಕೇ ನನ್ನ ಓಟು ‘ಖುಷಿ’ಗೆ. ಎಡವಟ್ಟಾದರೆ ‘ಖುಷಿದಿಂದ’, ‘ಖುಷಿವಾಯಿತು’ ಅಂತ ತಾನೇ ಕಿರುಚಿಕೊಳ್ಳುತ್ತದೆ.

ಹೀಗೆ ಮಾಡಿ. ಮೊದಲು ‘ಸಂತೋಷ್’ ಇರುವಲ್ಲೆಲ್ಲ ‘ಹೆ1’ ಅಂತಲೋ ಏನೋ ಒಂದು ಗುರುತು ಹಾಕಿ ಬಚ್ಚಿಡಿ. ಕೆಲಸ ಮುಗಿದ ಮೇಲೆ ಹೆಸರು ವಾಪಸ್ ತನ್ನಿ. ಇನ್ನು ಕೆಲವರು ‘ಸಂತೋಷ’ ಅಂತಲೇ ಹೆಸರು ಬರೆದಿರುತ್ತಾರೆ. ಅಲ್ಲಿ ವಿಭಕ್ತಿ ನಮ್ಮ ಕೈ ಹಿಡಿಯುತ್ತದೆ. ಭಾವವಾದರೆ ಸಂತೋಷದಿಂದ, ಸಂತೋಷಕ್ಕೆ. ಮನುಷ್ಯನಾದರೆ ಸಂತೋಷನಿಂದ, ಸಂತೋಷನಿಗೆ. ಆದ್ದರಿಂದ ಬರೀ ‘ಸಂತೋಷ’ ಹುಡುಕದೆ ‘ಸಂತೋಷದಿಂದ’ ಅಂತ ಪೂರ್ತಿ ಹುಡುಕಿ, ‘ಖುಷಿಯಿಂದ’ ಹಾಕಿ. ‘ಸಂತೋಷಕ್ಕೆ’ಗೆ ಇನ್ನೊಂದು ಸಲ, ‘ಸಂತೋಷವಾಯಿತು’ಗೆ ಮತ್ತೊಂದು ಸಲ. ಪ್ರತ್ಯಯವಿಲ್ಲದೆ ಉಳಿದವನ್ನು ಒಂದೊಂದಾಗಿ ಓದಿ ನೋಡಲೇಬೇಕು. ಅದಕ್ಕೆ ಅಡ್ಡದಾರಿ ಇಲ್ಲ.

ಅಂದಹಾಗೆ, ಒಂದೇ ಪದ ಮತ್ತೆ ಮತ್ತೆ ಬಂದರೆ ಅಪರಾಧವೇನಲ್ಲ. ಸ್ಮರಣ ಸಂಚಿಕೆಯ ಲೇಖನ ಅಂದಮೇಲೆ ಎಷ್ಟೋ ಕಡೆ ‘ತುಂಬಾ ಸಂತೋಷವಾಯಿತು’ ಅನ್ನುವ ವಾಕ್ಯವನ್ನೇ ಹೊಡೆದು ಹಾಕಬಹುದು, ಅಲ್ವಾ?

ಪ್ರಶ್ನೆ: ಬದಲಿಸಬಾರದ ಅಂಕಿತನಾಮ ಅಂದರೆ ಮನುಷ್ಯರ ಹೆಸರು ಮಾತ್ರವೇ?

ಉತ್ತರ: ಅಲ್ಲ. ಊರು, ನದಿ, ಸಂಸ್ಥೆ, ಪುಸ್ತಕ, ಪ್ರಶಸ್ತಿ ಎಲ್ಲದರ ಹೆಸರೂ ಸೇರುತ್ತದೆ. ‘ಸಮುದ್ರ’ವನ್ನು ‘ಕಡಲು’ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಶಾಂತ ಸಾಗರವನ್ನು ‘ತಣ್ಣನೆ ಕಡಲು’ ಅಂತ ಬರೆದರೆ ಓದುವವರು ಭೂಪಟದಲ್ಲಿ ಎಲ್ಲಿ ಹುಡುಕಬೇಕು? ಶಿಕ್ಷಕ, ವ್ಯಾಪಾರಿ ಥರದ, ಕೆಲಸ ಅಥವಾ ಗುಣ ನೋಡಿ ಬಂದ ಅನ್ವರ್ಥನಾಮಗಳನ್ನು ಬೇಕಾದರೆ ಬದಲಿಸಿಕೊಳ್ಳಿ.