ಪ್ರತಿ: ಗಾಜು ಒರೆಸುವ ಕೆಲಸದ ವ್ಯಾನಿಗೆ ಇನ್ಶೂರೆನ್ಸ್

ಹಾಸನದಲ್ಲಿ ಕಿಟಕಿ ಗಾಜು ಕ್ಲೀನಿಂಗ್‌ಗೆ ಹಳದಿ ಬೋರ್ಡಿನ ಈಕೋ ಕಾರ್ಗೋ ಇಟ್ಟಿದ್ದೀರಿ, ಪ್ರೀಮಿಯಂ ಇಳಿಸೋದು ಹೇಗೆ ಅಂತ ಕೇಳಿದ್ದೀರಿ. ಥರ್ಡ್ ಪಾರ್ಟಿಯಲ್ಲಿ, ಅಂದ್ರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ಹಾನಿಯ ಕಡ್ಡಾಯ ವಿಮೆಯಲ್ಲಿ, ಚೌಕಾಸಿ ನಡೆಯಲ್ಲ ಸರ್. ದರ ಸರ್ಕಾರದ್ದು, 7,500 ಕೆ.ಜಿ. ಒಳಗಿನ ಗೂಡ್ಸ್ ಗಾಡಿಗೆ 2022ರ ಅಧಿಸೂಚನೆಯಲ್ಲಿ 16,049 ರೂಪಾಯಿ, ಯಾವ ಕಂಪನಿಗೆ ಹೋದರೂ ಅಷ್ಟೇ.

ಉಳಿತಾಯ ಇರೋದು ಓನ್ ಡ್ಯಾಮೇಜ್‌ನಲ್ಲಿ, ಅಂದ್ರೆ ನಿಮ್ಮ ಗಾಡಿಗೇ ಆಗೋ ಹಾನಿಯ ವಿಮೆಯಲ್ಲಿ. ಮೂರ್ನಾಲ್ಕು ಕಡೆ ಕೋಟ್ ತಗೊಳ್ಳಿ, ಆದರೆ ಎಲ್ಲದರಲ್ಲೂ ಐಡಿವಿ (ಗಾಡಿಗೆ ಪಾಲಿಸಿಯಲ್ಲಿ ಹಾಕಿದ ಬೆಲೆ, ಕಳುವಾದರೆ ಸಿಗೋದು ಇದರ ಲೆಕ್ಕದಲ್ಲೇ) ಒಂದೇ ಇರಲಿ. ಐಡಿವಿ ಇಳಿಸಿ ಅಗ್ಗ ತೋರಿಸೋದು ಏಜೆಂಟರ ಹಳೇ ಆಟ, ಗಾಡಿ ಕಳುವಾದಾಗ ಗೊತ್ತಾಗುತ್ತೆ. ಪಾಲಿಸಿ ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಪೂರ್ತಿ ಹೋಯ್ತು; ಐದು ವರ್ಷ ಕ್ಲೇಮ್ ಮಾಡದಿದ್ದರೆ ಅದು ಶೇ. 50ರವರೆಗೆ ಏರುತ್ತೆ. 15 ಲಕ್ಷದ ಬೇರೆ ಅಪಘಾತ ವಿಮೆ ಇದ್ದರೆ ಪಾಲಿಸಿಯಿಂದ ಮಾಲೀಕ-ಚಾಲಕ ಕವರ್ (ಗಾಡಿ ಓಡಿಸೋ ಮಾಲೀಕರ ಅಪಘಾತ ವಿಮೆ) ತೆಗೆಸಿ.

ಏಣಿ ಕ್ಯಾರಿಯರ್, ಒಳಗೆ ಕೂರಿಸಿದ ನೀರಿನ ಟ್ಯಾಂಕ್ ಪಾಲಿಸಿಯಲ್ಲಿ ಬರೆಸಿ. ಇಲ್ಲದಿದ್ದರೆ ಶಿರಾಡಿ ಘಾಟಿಯಲ್ಲಿ ಗಾಡಿ ಗುದ್ದಿದರೆ ಹಾನಿ ಅಂದಾಜು ಮಾಡೋ ಸರ್ವೇಯರ್ ಅವುಗಳ ಬೆಲೆ ಹಿಡಿಯಲ್ಲ.